ಬೆಳ್ಳಿಯ ಮೇಲೆ ಹೊರಿಸಿದ ಆರೋಪ

ನಮ್ಮ ಬಂಧುಬಳಗದ ಪ್ರಕಾರ ನನ್ನ ಸೋದರತ್ತೆ ಸತ್ತದ್ದು ಎಂ.ಆರ್.ಐ. ಮಿಷನ್ನಿನಿಂದ. ಕಾಯಿಲೆಯಿಂದಲ್ಲ, ಮಿಷನ್ನಿನಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅದರೊಳಗೆ ಹೋಗುವುದಕ್ಕಾಗಿ ಮೈಮೇಲಿನ ಇಷ್ಟಲಿಂಗವನ್ನು ಬಿಚ್ಚಿಕೊಟ್ಟದ್ದರಿಂದ. ವಸ್ತಾರೆಯಲ್ಲಿರುವ ಮಾವನ ಅಕ್ಕ ಈ ಕತೆಯನ್ನು ಹೇಳದೆ ಬಿಟ್ಟ ಮದುವೆಮನೆಯಿಲ್ಲ.

"ಅಲ್ಲೀವರೆಗೂ ಎದೇಲಿ ಒಂದು ಗಂಟಿರಲಿಲ್ಲ ಕಣ್ರೀ. ಫೋಟೋ ತೆಗೆದ್ರೆ ಅದ್ರಲ್ಲೂ ಏನಿಲ್ಲ. ಲಿಂಗ ಬಿಚ್ಚಿದ್ಲು, ಆ ಕೊಳವೆಯೊಳಗೆ ಹೋದ್ಲು. ಹೊರಗೆ ಬರೋ ಹೊತ್ತಿಗೆ ಎದೆ ತುಂಬ ಕ್ಯಾನ್ಸರು!"

ಇದರಲ್ಲಿ ಒಂದೊಂದು ಸಂಗತಿಯೂ ನಿಜ. ಗಂಟಿರಲಿಲ್ಲ, ನಿಜ. ಮ್ಯಾಮೊಗ್ರಾಂನಲ್ಲಿ ಏನೂ ಕಂಡಿರಲಿಲ್ಲ, ನಿಜ. ಲಿಂಗ ಬಿಚ್ಚಿದ್ದೂ ನಿಜ, ಮಿಷನ್ನಿನಲ್ಲಿ ಕಂಡದ್ದೂ ನಿಜ. ನಾಲ್ಕು ನಿಜಗಳನ್ನು ಬೇಕಾದ ಹಾಗೆ ಸಾಲು ನಿಲ್ಲಿಸಿದರೆ ಐದನೆಯದಾಗಿ ಒಂದು ಸುಳ್ಳು ತಾನಾಗಿಯೇ ಬಂದು ನಿಲ್ಲುತ್ತದೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಈ ಕಸುಬನ್ನು ಚೆನ್ನಾಗಿ ಬಲ್ಲವಳು.

ಇನ್ನೊಂದು ಕತೆ ನಮ್ಮಲ್ಲಿ ಓದಿದವರದು. ಅವರು ಲಿಂಗದ ಮಾತು ಎತ್ತುವುದಿಲ್ಲ. "ನಾಚಿಕೆ ನೋಡಿ, ಯಾರಿಗೂ ತೋರಿಸದೆ ಮುಚ್ಚಿಟ್ಕೊಂಡ್ರು. ನಮ್ಮ ಹೆಂಗಸರದ್ದು ಇದೇ ಹಣೆಬರಹ" ಎಂದು ತಲೆ ಆಡಿಸುತ್ತಾರೆ. ಆಸ್ಪತ್ರೆಯ ಚೀಟಿಯಲ್ಲೂ ಹಾಗೆಯೇ ಬರೆದಿದೆ. ಅದೂ ಸುಳ್ಳು. ಅತ್ತೆ ಮುಚ್ಚಿಡಲಿಲ್ಲ. ತೋರಿಸಿದರು, ಮೂರು ಸಲ. ತೋರಿಸಿದ್ದು ನನಗೆ.

ಆದ್ದರಿಂದ ಈ ಎರಡೂ ಕತೆಗಳಿಗೆ ವಿರುದ್ಧವಾಗಿ ಸಾಕ್ಷಿ ಹೇಳಬೇಕಾದವಳು ನಾನು. ಆರೋಪಿಯೂ ನಾನೇ ಇರಬಹುದು. ಅದು ನನಗೆ ಇನ್ನೂ ಇತ್ಯರ್ಥವಾಗಿಲ್ಲ.

ಅಪ್ಪನಿಗೆ ಮಲ್ಲಂದೂರಿನ ಹತ್ತಿರ ಒಂದಿಷ್ಟು ಕಾಫಿ ತೋಟ. ಅಲ್ಲಿಂದ ಕಾಲೇಜಿಗೆ ದಿನಾ ಓಡಾಡುವುದು ಆಗದೆ, ಪಿಯುಸಿಗೆಂದು ಚಿಕ್ಕಮಗಳೂರಿನ ಅತ್ತೆಯ ಮನೆಗೆ ಬಂದವಳು ಬಿ.ಎ. ಮುಗಿಯುವತನಕ ಅಲ್ಲೇ ಇದ್ದೆ. ಅತ್ತೆ ಅಂದರೆ ಅಪ್ಪನ ಅಕ್ಕ. ಮಕ್ಕಳಿರಲಿಲ್ಲ. ಮಾವನದು ಎಸ್ಟೇಟಿಗೆ ಬೇಕಾದ ಸಾಮಾನಿನ ಅಂಗಡಿ. ಗೋಣಿಚೀಲ, ಸುತಲಿ ಹುರಿ, ಕಸಿಕತ್ತಿ, ಮಳೆಗಾಲದ ಪ್ಲಾಸ್ಟಿಕ್ ಕೊಪ್ಪೆ, ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ ಸುಣ್ಣ ಮತ್ತು ಮೈಲುತುತ್ತ. ಅಂಗಡಿಯ ಹಿಂದೆಯೇ ಮನೆ. ಮಾವ ಗಲ್ಲೆಯಲ್ಲಿ, ಅತ್ತೆ ತಕ್ಕಡಿಯಲ್ಲಿ. ಮೈಲುತುತ್ತ ತೂಗಿ ತೂಗಿ ಅವರ ಉಗುರಿನ ಸಂದಿ ಸದಾ ನೀಲಿ.

ನನ್ನ ಬಾಯಿಗೆ ಅತ್ತೆಯೇ ಸಾಣೆ. ಎಸ್ಸೆಸ್ಸೆಲ್ಸಿ ಓದಿದ ಹೆಂಗಸು, ಆದರೆ ನಾನು ಕಂಡ ಯಾವ ಎದುರಾಳಿಯೂ ಅವರಷ್ಟು ಕಾಡಿಲ್ಲ.

"ಏನೇ ಈ ಸಲ ವಿಷಯ?"

"ಟಿ.ವಿ.ಯಿಂದ ಸಮಾಜಕ್ಕೆ ಕೇಡು."

"ನೀನು ಯಾವ ಕಡೆ?"

"ಪರ."

"ಹಂಗಾದ್ರೆ ನಂದು ವಿರೋಧ. ಶುರು ಮಾಡು, ಗಿರಾಕಿ ಬರೋದ್ರೊಳಗೆ."

ಗೋಣಿಚೀಲದ ಅಟ್ಟಿಯ ಮುಂದೆ ನಿಂತು ನಾನು ಶುರು ಮಾಡುತ್ತಿದ್ದೆ. ಅವರು ತೂಗುತ್ತಲೇ ಕೇಳುತ್ತಿದ್ದರು. ನನ್ನ ತರ್ಕಕ್ಕೆ ಉತ್ತರವಾಗಿ ತರ್ಕ ಕೊಡುತ್ತಿರಲಿಲ್ಲ. "ಅದ್ಸರಿ, ಯಾರಿಗೆ ಏನಾಗುತ್ತೆ ಹೇಳು" ಎಂದು ಒಂದೇ ಪ್ರಶ್ನೆ ಹಾಕಿ ನನ್ನ ಐದು ನಿಮಿಷವನ್ನು ನೆಲಕ್ಕೆ ಕೆಡವುತ್ತಿದ್ದರು. ಮಾವ ಗಲ್ಲೆಯಿಂದಲೇ ಕೂಗುತ್ತಿದ್ದರು: "ಈ ಹುಡುಗಿ ಬಾಯಿಗೆ ಮುಂಗಾರಿಗೆ ಮುಂಚೆ ಒಂದ್ಸಲ ಔಷಧಿ ಹೊಡಿಸ್ಬೇಕು ಮಾರಾಯ್ತಿ. ಇಲ್ಲಾಂದ್ರೆ ಊರಿಗೆಲ್ಲ ಹರಡುತ್ತೆ!"

ಆದರೆ ಒಂದು ಕಟ್ಟಳೆಯಿತ್ತು. ಸ್ಪರ್ಧೆಯ ಹಿಂದಿನ ದಿನ ಅತ್ತೆ ಬೇಕೆಂದೇ ಸೋಲುತ್ತಿದ್ದರು. ವಾರವೆಲ್ಲ ನನ್ನನ್ನು ಹಿಂಡಿ ಹಾಕಿದವರು ಆ ದಿನ ಎರಡು ಮಾತಾಡಿ, "ಸರಿ ಬಿಡೇ, ನೀನೇ ಗೆದ್ದೆ" ಎಂದು ತಕ್ಕಡಿಯ ಕಡೆ ತಿರುಗುತ್ತಿದ್ದರು. "ಗೆದ್ದ ಬಾಯಿ ಇಟ್ಕೊಂಡು ಹೋಗ್ಲಿ ಪಾಪ" ಎಂದು ಅವರು ಮಾವನಿಗೆ ಹೇಳುವುದನ್ನು ಒಮ್ಮೆ ಕೇಳಿಸಿಕೊಂಡಿದ್ದೆ. ಗೊತ್ತಿದ್ದೂ ಆ ಗೆಲುವನ್ನು ತೆಗೆದುಕೊಂಡು ಹೋಗುತ್ತಿದ್ದೆ.

ಇನ್ನು ಲಿಂಗದ ವಿಷಯ. ನಮ್ಮ ಮನೆಗಳಲ್ಲಿ ಕೂಸಿಗೇ ಲಿಂಗ ಕಟ್ಟುತ್ತಾರೆ. ಕಪ್ಪಗೆ ಮಿರುಗುವ ಪುಟ್ಟ ಲಿಂಗ, ಅದನ್ನು ಇಡುವುದಕ್ಕೆ ಬೆಳ್ಳಿಯ ಕರಡಿಗೆ, ಕೊರಳಿಗೆ ದಾರ. ಮೈಯಿಂದ ಬೇರೆ ಮಾಡುವಂತಿಲ್ಲ. ನಾನು ಹದಿನೇಳಕ್ಕೇ ಬಿಚ್ಚಿಟ್ಟಿದ್ದೆ. ಅಪ್ಪ ಒಂದು ತಿಂಗಳು ಮಾತು ಬಿಟ್ಟಿದ್ದರು. ಅತ್ತೆ ಮಾತ್ರ, "ಬಿಚ್ಚಿದ್ಯಾ? ಎಲ್ಲಿಟ್ಟಿದೀಯ? ಎತ್ತರದ ಜಾಗದಲ್ಲಿ ಇಡು" ಎಂದಿದ್ದರು, ಅಷ್ಟೆ. ಅವರದು ಉದ್ದ ದಾರ. ತೂಗುವಾಗ ಬಗ್ಗಿದರೆ ಕರಡಿಗೆ ತಕ್ಕಡಿಗೆ ಬಡಿಯುತ್ತದೆಂದು ಅದನ್ನು ರವಿಕೆಯ ಒಳಗೆ, ಎಡಗಡೆಗೆ ಸಿಕ್ಕಿಸಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ರವಿಕೆ ಬಿಚ್ಚಿ ತೋರಿಸಿದರು. ಎಡ ಮೊಲೆಯ ತೊಟ್ಟು ಕೆಂಪಾಗಿ ಕಂದಿತ್ತು. ಸುತ್ತಲಿನ ಚರ್ಮ ಒಣಗಿ ಹುರುಪೆ ಎದ್ದು, ಕಣದಲ್ಲಿ ಒಣಗಿದ ಕಾಫಿ ಬೀಜದ ತೆಳು ಸಿಪ್ಪೆ ಏಳುವ ಹಾಗೆ ಏಳುತ್ತಿತ್ತು. ತುರಿಕೆ, ಉರಿ. ಗಂಟು ಇಲ್ಲ. ನಾನೂ ಮುಟ್ಟಿ ನೋಡಿದೆ, ಇರಲಿಲ್ಲ.

"ನಿಮ್ಮ ಮಾವ ಮೈಲುತುತ್ತದ ಪುಡಿ ಹೋಗಿರ್ಬೇಕು ಅಂತಾರೆ" ಎಂದರು ಅತ್ತೆ.

"ನೀವೇನಂತೀರ?"

"ಇದು ಮೇಲಿಂದ ಬಿದ್ದಿದ್ದಲ್ಲ ಕಣೇ. ಒಳಗಿಂದ ಬರ್ತಿರೋ ಹಂಗಿದೆ."

"ಒಳಗಿಂದ ಎಂಥದು ಬರುತ್ತೆ ಅತ್ತೆ?"

"ಅದು ಗೊತ್ತಿದ್ರೆ ನಿನ್ನ ಯಾಕೆ ಕರೀತಿದ್ದೆ?"

ಅದು ಮೊದಲ ಸಲ. ಆ ದಿನ ಏನೂ ತೀರ್ಮಾನವಾಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಅಂದೆ, ಹಚ್ಚಿದರು.

ಎರಡನೆಯ ಸಲ, ಒಂದೆರಡು ವಾರ ಕಳೆದು. ಕುದುರೆಮುಖದಲ್ಲಿ ಅದಿರು ತೆಗೆಯುವುದು ನಿಲ್ಲುತ್ತದೆಯೋ ಇಲ್ಲವೋ ಎಂದು ಹೋಟೆಲುಗಳಲ್ಲೆಲ್ಲ ಜಗಳವಾಗುತ್ತಿದ್ದ ಕಾಲ. ಕಾಲೇಜಿನ ಸ್ಪರ್ಧೆಗೂ ಅದೇ ವಿಷಯ. ಗಣಿಯ ಕೆಸರು ನದಿ ಸೇರುತ್ತದೆ, ನಿಲ್ಲಬೇಕು ಎನ್ನುವುದು ನನ್ನ ಪಾಲು. ವಾರದಿಂದ ಅತ್ತೆ ನನ್ನನ್ನು ಸತಾಯಿಸುತ್ತಿದ್ದರು.

"ಅಲ್ಲಿ ಕ್ವಾರ್ಟರ್ಸಲ್ಲಿರೋ ಹೆಂಗಸ್ರು ಎಲ್ಲಿಗೆ ಹೋಗ್ಬೇಕು? ಅದನ್ನ ಹೇಳು."

"ಅತ್ತೆ, ನಾವು ನದಿ ವಿಷಯ ಮಾತಾಡ್ತಿದ್ದೀವಿ."

"ನೀನು ನದಿ ಮಾತಾಡು. ನಾನು ಅವರ ಅಡುಗೆಮನೆ ಮಾತಾಡ್ತೀನಿ."

ಸ್ಪರ್ಧೆ ಮಾರನೆಯ ದಿನವಿತ್ತು. ಅಂದು ಸಂಜೆ ಅಂಗಡಿಯಲ್ಲಿ ಗಿರಾಕಿಯಿರಲಿಲ್ಲ. ನದಿ, ಅಡುಗೆಮನೆ ಎಲ್ಲ ಮುಗಿದ ಮೇಲೆ ಅತ್ತೆ ಒಳಗೆ ಕರೆದು ಮತ್ತೆ ತೋರಿಸಿದರು. ಕೆಂಪು ಹೆಚ್ಚಾಗಿತ್ತು. "ಲೇಡಿ ಡಾಕ್ಟ್ರಿಗೆ ಒಂದ್ಸಲ ತೋರಿಸ್ಕೊಂಡು ಬರೋಣ್ವಾ?" ಎಂದರು.

ಆ ಹೊತ್ತಿಗೆ ನನ್ನ ಹತ್ತಿರ ಒಂದು ಸಿದ್ಧಾಂತ ತಯಾರಾಗಿತ್ತು. ಕರಡಿಗೆ! ಹಳೆಯದು ಸವೆದು ಮುಚ್ಚಳ ನಿಲ್ಲುತ್ತಿಲ್ಲವೆಂದು ಅವರು ಹಿಂದಿನ ದೀಪಾವಳಿಗೆ ಹೊಸ ಕರಡಿಗೆ ಮಾಡಿಸಿದ್ದರು. ನಾನು ಬೆರಳು ಮಡಿಸಿ ವಾದ ಮಂಡಿಸಿದೆ. ಹೊಸ ಬೆಳ್ಳಿಯಲ್ಲಿ ಬೆಳ್ಳಿಯೊಂದೇ ಇರುವುದಿಲ್ಲ, ತಾಮ್ರ, ನಿಕಲ್ ಎಂದು ಏನೇನೋ ಬೆರೆಸುತ್ತಾರೆ. ಅವು ಕೆಲವರ ಮೈಗೆ ಆಗುವುದಿಲ್ಲ. ಕರಡಿಗೆ ತಾಗುವುದು ಎಡಗಡೆಗೆ, ಹುಣ್ಣು ಎಡಗಡೆಗೆ. ಬಲಗಡೆ ತಾಗುವುದಿಲ್ಲ, ಬಲಗಡೆ ಏನೂ ಇಲ್ಲ. ಹೊಸ ಕರಡಿಗೆ ಬರುವ ಮುಂಚೆ ಇರಲಿಲ್ಲ, ಬಂದ ಮೇಲೆ ಆಯಿತು. ಇದಕ್ಕೆ ಡಾಕ್ಟರು ಯಾಕೆ?

"ಬೆಳ್ಳಿ ನಂಜು ಅಂತೀಯ" ಎಂದರು ಅತ್ತೆ.

"ಅಲ್ದೇ ಇನ್ನೇನು? ದೇವರನ್ನ ಎದೆ ಮೇಲೆ ಕಟ್ಕೊಂಡು, ದೇವರ ಡಬ್ಬಿಯಿಂದಲೇ ಹುಣ್ಣು ಮಾಡ್ಕೊಂಡಿದ್ದೀರ."

ಈ ಮಾತು ಹೇಳುವಾಗ ನನಗೆ ಖುಷಿಯಾಗಿತ್ತು. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ಕರಡಿಗೆಯೇ ತಪ್ಪಿತಸ್ಥ ಆಗಿರಬೇಕೆಂದು ನನಗೆ ಆಸೆಯಿತ್ತು. ನಂಬಿಕೆಯೇ ಮೈಯನ್ನು ಹುಣ್ಣು ಮಾಡುತ್ತದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ? ವಸ್ತಾರೆಯ ಅಕ್ಕ ಲಿಂಗ ಬಿಚ್ಚಿದ್ದಕ್ಕೇ ಕಾಯಿಲೆ ಬಂತು ಅನ್ನುತ್ತಾರೆ. ನಾನು ಲಿಂಗ ಕಟ್ಟಿದ್ದಕ್ಕೇ ಬಂತು ಅಂದೆ. ಅವರದೂ 'ಅದಾದ ಮೇಲೆ ಇದು, ಆದ್ದರಿಂದ ಅದರಿಂದಲೇ ಇದು' ಎನ್ನುವ ತರ್ಕ. ನನ್ನದೂ ಅದೇ. ಅವರಿಗೆ ಬಹುಮಾನ ಬಂದಿರಲಿಲ್ಲ ಎನ್ನುವುದು ಬಿಟ್ಟರೆ ನಮ್ಮಿಬ್ಬರಲ್ಲಿ ಬೇರೆ ವ್ಯತ್ಯಾಸ ಕಾಣುವುದಿಲ್ಲ.

ಅತ್ತೆ ಕರಡಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮುಚ್ಚಳ ತೆಗೆದು, ಲಿಂಗವನ್ನು ಹೊರಗೆ ತೆಗೆದು, ಒಗೆದ ಬಿಳಿ ಬಟ್ಟೆಯ ಚೂರಿನಲ್ಲಿ ಸುತ್ತಿ, ಎಡ ರಟ್ಟೆಗೆ ಕಟ್ಟು ಎಂದು ಕೈ ಚಾಚಿದರು. ನಾನೇ ಕಟ್ಟಿದೆ.

"ಸರಿ ಬಿಡೇ" ಎಂದರು. "ನೀನೇ ಗೆದ್ದೆ."

ಬೆಳ್ಳಿಯ ಕರಡಿಗೆ ಬೀರು ಸೇರಿತು. ನಾನು ಮೆಡಿಕಲ್ ಶಾಪಿಗೆ ಹೋಗಿ, ತುರಿಕೆಗೆಂದು ಕೇಳಿ ಒಂದು ಮುಲಾಮಿನ ಟ್ಯೂಬು ತಂದೆ. ಮಾರನೆಯ ದಿನ ಕುದುರೆಮುಖ ನಿಲ್ಲಬೇಕೆಂದು ವಾದಿಸಿ ಮೊದಲನೆಯ ಬಹುಮಾನ ತೆಗೆದುಕೊಂಡು ಬಂದೆ. ಮೂರು ವಾರದಲ್ಲಿ ಹುಣ್ಣು ಮಾಸಿತು. ಪೂರ್ತಿ ಅಲ್ಲ, ಆದರೆ ಕೆಂಪು ಇಳಿಯಿತು, ತುರಿಕೆ ನಿಂತಿತು. "ನೋಡಿದ್ರಾ?" ಎಂದೆ.

"ವಾಸಿ ಆಗಿದ್ದು ನಿನ್ನ ಮುಲಾಮಿಗಾ, ನಿನ್ನ ವಾದಕ್ಕಾ?" ಎಂದು ಕೇಳಿ ಅತ್ತೆ ನಕ್ಕರು.

ನಾನೂ ನಕ್ಕೆ. ಒಳ್ಳೆಯ ಪ್ರಶ್ನೆ ಅದು. ಏಕಕಾಲಕ್ಕೆ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗುವುದಿಲ್ಲ. ಇದನ್ನು ನಾನು ಎಷ್ಟೋ ಎದುರಾಳಿಗಳ ಮುಖಕ್ಕೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಅಂದು ಅದು ನನಗೆ ನೆನಪಾಗಲಿಲ್ಲ. ಆ ಬಗೆಯ ಮುಲಾಮು ಮೇಲಿನ ಉರಿಯನ್ನು ಕೊಂಚ ಕಾಲ ಮಲಗಿಸುತ್ತದೆ, ಒಳಗಿರುವುದನ್ನು ಮುಟ್ಟುವುದೂ ಇಲ್ಲ ಎಂದು ತಿಳಿದದ್ದು ಬಹಳ ತಡವಾಗಿ.

ಆಮೇಲೆ ನಾನು ಕಾನೂನು ಓದಲು ಹಾಸನಕ್ಕೆ ಹೋದೆ. ರಜೆಗೆ ಬಂದಾಗ "ಹೇಗಿದೆ?" ಎಂದರೆ "ಒಂದ್ಸಲ ಇರುತ್ತೆ, ಒಂದ್ಸಲ ಇರಲ್ಲ" ಎನ್ನುತ್ತಿದ್ದರು. ಮುಲಾಮು ಮುಗಿದಿದೆ ಎಂದರೆ ಇನ್ನೊಂದು ಟ್ಯೂಬು ತಂದುಕೊಡುತ್ತಿದ್ದೆ. ಹೀಗೆ ಒಂದೂವರೆ ವರ್ಷ.

ಮೂರನೆಯ ಸಲ ಅವರು ತೋರಿಸುವ ಮುಂಚೆ ನಾನೇ ಕಂಡೆ. ಹಿತ್ತಿಲ ತಂತಿಯ ಮೇಲೆ ಒಣಹಾಕಿದ್ದ ಬಿಳಿ ರವಿಕೆಯ ಎಡಭಾಗದಲ್ಲಿ, ಒಗೆದರೂ ಹೋಗದ ಕಂದು ಕಲೆ. ರಕ್ತದ್ದು. ಕೇಳಿದಾಗ ರವಿಕೆ ಬಿಚ್ಚಿದರು. ತೊಟ್ಟು ಒಳಕ್ಕೆ ಸೇದಿಹೋಗಿತ್ತು. ಅದಿದ್ದ ಜಾಗ ಹಸಿ ಹುಣ್ಣು. ಹತ್ತಿಯ ಪದರವಿಟ್ಟು ಮುಚ್ಚಿಕೊಳ್ಳುತ್ತಿದ್ದರು.

"ಯಾಕತ್ತೆ ಹೇಳ್ಲಿಲ್ಲ?"

"ವಾದ ಮುಗಿದಿತ್ತಲ್ಲ" ಎಂದರು.

ಅಣಕವಾಗಿ ಹೇಳಿದ್ದಲ್ಲ. ಅಣಕವಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಮಾವನ ಜೀಪಿನಲ್ಲಿ ಹೊರಟೆವು, ಕಳಸದ ದಾರಿಯಲ್ಲಿ. ಕಾಫಿ ಕೊಯ್ಲಿನ ಕಾಲ, ದಾರಿಯುದ್ದಕ್ಕೂ ಕೊಯ್ಯುವ ಹೆಂಗಸರನ್ನು ತುಂಬಿಕೊಂಡ ಪಿಕಪ್‌ಗಳು. ಕುದುರೆಮುಖದ ಟೌನ್‌ಶಿಪ್ ಬರುತ್ತಿದ್ದಂತೆ ರಸ್ತೆ ಖಾಲಿಯಾಯಿತು. ಗಣಿ ಆಗಷ್ಟೇ ನಿಂತಿತ್ತು. ಒಂದು ಕ್ವಾರ್ಟರ್ಸಿನ ಮುಂದೆ ಲಾರಿಗೆ ಬೀರು, ಮಂಚ ಹೇರುತ್ತಿದ್ದರು. ಪಕ್ಕದ ಮನೆಗಳಿಗೆಲ್ಲ ಬೀಗ. ಅತ್ತೆ ಕಿಟಕಿಯಿಂದ ನೋಡುತ್ತಲೇ ಇದ್ದರು.

"ನೀನು ಗೆದ್ದಿದ್ದು ನೋಡೇ" ಎಂದರು.

ಮಾವ ಗೇರು ಬದಲಿಸಿದರು.

ಅಲ್ಲಿನ ಸರ್ಜನ್ ಹೆಂಗಸು, ಕರಾವಳಿಯವರು, ಬೇಗ ಬೇಗ ಮಾತಾಡುವವರು. ಅತ್ತೆಯನ್ನು ಪರೀಕ್ಷಿಸಿ, ಕೈ ತೊಳೆದುಕೊಂಡು ಬಂದು ಕೂತು ಪೆನ್ನು ತೆಗೆದರು.

"ಎಷ್ಟು ಸಮಯ ಆಯ್ತಮ್ಮ ಇದು ಶುರು ಆಗಿ?"

"ಎರಡು ವರ್ಷ ಆಗ್ತಾ ಬಂತು."

"ಎರಡು ವರ್ಷ! ಯಾರಿಗೂ ತೋರಿಸ್ಲೇ ಇಲ್ವಾ?"

ನಾನು ಪಕ್ಕದಲ್ಲೇ ಕೂತಿದ್ದೆ. ಮಾವ ಹಿಂದೆ ನಿಂತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು: "ಇಲ್ಲ ಡಾಕ್ಟ್ರೆ. ನಾಚಿಕೆ."

ಡಾಕ್ಟರು ಬರೆದುಕೊಂಡರು. ಓದಿದವರು ಹೇಳುವ ಕತೆ ಹುಟ್ಟಿದ್ದು ಅಲ್ಲಿ, ಆ ಪೆನ್ನಿನ ಕೆಳಗೆ. ವೇದಿಕೆ ಹತ್ತಿದರೆ ಗಂಟೆ ಬಾರಿಸುವತನಕ ನಿಲ್ಲಿಸದ ನನ್ನ ಬಾಯಿ ಆಗ ತೆರೆಯಲಿಲ್ಲ.

ಅದೇ ದಿನ ಮ್ಯಾಮೊಗ್ರಾಂ ಮಾಡಿದರು. ಮೊಲೆಯ ಎಕ್ಸ್‌ರೇ ಅದು. ಅದರಲ್ಲಿ ಅನುಮಾನಪಡುವಂಥದ್ದು ಏನೂ ಕಾಣಲಿಲ್ಲ. ಮಾವ ಅಂಗಳಕ್ಕೆ ಹೋಗಿ ಕಣ್ಣೊರೆಸಿಕೊಂಡು ಬಂದರು. ವಸ್ತಾರೆಗೂ ಫೋನು ಹೋಯಿತು: ಫೋಟೋದಲ್ಲಿ ಏನೂ ಇಲ್ಲ. ಆದರೆ ಸರ್ಜನ್ ಹುಣ್ಣಿನ ಅಂಚಿನಿಂದ ಒಂದು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದ್ದರು. ವಾರ ಬಿಟ್ಟು ಹೋದಾಗ ಅದರ ವರದಿ ಬಂದಿತ್ತು. ಚರ್ಮದೊಳಗೆ ಕ್ಯಾನ್ಸರಿನ ಕಣಗಳಿದ್ದವು. ಮೊಲೆತೊಟ್ಟಿನಲ್ಲಿ ಇಸುಬಿನ ವೇಷ ಹಾಕಿಕೊಂಡು ಬರುವ ಅಪರೂಪದ ಬಗೆ. ಯಾವುದೋ ಕಾಲದ ವಿದೇಶಿ ವೈದ್ಯರೊಬ್ಬರ ಹೆಸರು ಅದಕ್ಕಿದೆ.

"ಇನ್ನು ಎಂ.ಆರ್.ಐ. ಆಗ್ಬೇಕು" ಎಂದರು ಸರ್ಜನ್.

ನಾನು ಅದನ್ನೂ ವಿರೋಧಿಸಿದೆ. ನಂಬುವುದಕ್ಕೆ ಕಷ್ಟ, ಆದರೆ ವಿರೋಧಿಸಿದೆ. "ಕೈಗೆ ಗಂಟು ಸಿಗ್ತಿಲ್ಲ, ಮ್ಯಾಮೊಗ್ರಾಂ ಸರಿ ಇದೆ. ಅಂದ್ಮೇಲೆ ಬರೀ ಚರ್ಮದಲ್ಲಿದೆ. ಅಷ್ಟು ತೆಗೆದ್ರೆ ಆಯ್ತಲ್ಲ. ಇನ್ನೊಂದು ಮಿಷನ್ ಯಾಕೆ?"

ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. "ನೀವು ಎಂತ ಓದುವುದು?"

"ಲಾ."

"ಹಾಗಾದ್ರೆ ಗೊತ್ತುಂಟಲ್ಲ. ಸಾಕ್ಷಿಗೆ ಕಾಣ್ಲಿಲ್ಲ ಅಂದ್ರೆ ಏನೂ ನಡೀಲಿಲ್ಲ ಅಂತ ಆಗ್ತದಾ? ಮ್ಯಾಮೊಗ್ರಾಂ ಸುಳ್ಳು ಹೇಳ್ಲಿಲ್ಲ. ಅದಕ್ಕೆ ಕಾಣ್ಲಿಲ್ಲ. ಈ ಬಗೆಯದ್ದರಲ್ಲಿ ಒಳಗೆ ಇರುವುದೇ ಹೆಚ್ಚು. ಎಕ್ಸ್‌ರೇಗೆ ಎಷ್ಟೋ ಸಲ ಸಿಕ್ಕುವುದಿಲ್ಲ. ಎಂ.ಆರ್.ಐ.ಯಲ್ಲಿ ಒಂದು ಔಷಧಿ ರಕ್ತಕ್ಕೆ ಕೊಡ್ತೇವೆ. ಕಾಯಿಲೆ ಇರುವ ಜಾಗಕ್ಕೆ ರಕ್ತ ಜಾಸ್ತಿ ಓಡ್ತದೆ, ಅದು ಬೇಗ ಬೆಳ್ಳಗೆ ಕಾಣ್ತದೆ. ತುದಿ ಮಾತ್ರ ತೆಗೆಯುವುದಾ, ಪೂರ್ತಿ ತೆಗೆಯುವುದಾ ಅಂತ ನಾನು ಕಣ್ಣು ಮುಚ್ಚಿಕೊಂಡು ಹೇಳ್ಲಿಕ್ಕೆ ಆಗುವುದಿಲ್ಲ."

"ಅದು ತಪ್ಪು ತೋರಿಸೋದೇ ಇಲ್ವಾ?"

"ತೋರಿಸ್ತದೆ. ಏನೂ ಇಲ್ಲದ ಕಡೆಯೂ ಕೆಲವು ಸಲ ಬೆಳ್ಳಗೆ ಕಾಣ್ತದೆ. ಅದಕ್ಕೇ ಅಲ್ಲಿಂದಲೂ ಚೂರು ತೆಗೆದು ನೋಡಿಯೇ ಮುಂದೆ ಹೋಗುವುದು. ಮಿಷನ್ ಜಾಗ ತೋರಿಸ್ತದೆ ಅಷ್ಟೆ. ತೀರ್ಪು ಹೇಳುವುದಿಲ್ಲ."

ಒಬ್ಬರ ವಾದಕ್ಕೆ ನಾನು ಮನಸ್ಸಿನಿಂದ ತಲೆಬಾಗಿದ್ದು ಅದೇ ಮೊದಲು. ಅತ್ತೆ ನಮ್ಮಿಬ್ಬರನ್ನೂ ಸ್ಪರ್ಧೆ ನೋಡುವವರ ಹಾಗೆ ನೋಡುತ್ತಿದ್ದರು.

ಎಂ.ಆರ್.ಐ. ಕೋಣೆಯ ಹೊರಗೆ ಒಬ್ಬ ಟೆಕ್ನೀಷಿಯನ್ ಪಟ್ಟಿ ಹಿಡಿದು ಕೇಳಿದ. ಮೂಗುಬೊಟ್ಟು, ತಾಳಿ, ಕಾಲುಂಗುರ, ಬಳೆ, ತಲೆಪಿನ್ನು, ಮೈಯೊಳಗೆ ಎಲ್ಲಾದರೂ ಸ್ಕ್ರೂ, ಪ್ಲೇಟು. ಒಳಗಿರುವುದು ದೊಡ್ಡ ಅಯಸ್ಕಾಂತ. ಅತ್ತೆ ಒಂದೊಂದನ್ನೇ ಬಿಚ್ಚಿ ಮಾವನ ಕೈಗೆ ಕೊಟ್ಟರು. ತಾಳಿ ಬಿಚ್ಚುವಾಗ ಮಾವನೇ ಮುಖ ತಿರುಗಿಸಿದರು, ಅತ್ತೆಯಲ್ಲ. ಕೊನೆಗೆ ಅವನ ಕಣ್ಣು ರಟ್ಟೆಯ ಬಟ್ಟೆಗೆ ಬಿತ್ತು.

"ಅದೆಂತಮ್ಮ?"

"ಲಿಂಗ. ಕಲ್ಲು."

"ಒಳಗೆ ಎಂತ ಉಂಟು ಅಂತ ನನಗೆ ಗೊತ್ತಿಲ್ಲ ಅಮ್ಮ. ಅದೂ ತೆಗೀಬೇಕು."

ಮಾವನ ಎರಡೂ ಕೈಯಲ್ಲಿ ಒಡವೆಯಿತ್ತು. ಅತ್ತೆ ನನ್ನ ಕಡೆ ತೋಳು ಚಾಚಿದರು. ಕಟ್ಟಿದವಳೇ ಬಿಚ್ಚಿದೆ. ಎತ್ತಿಡಲು ಚೀಲ ತೆರೆಯುತ್ತಿದ್ದಂತೆ ತಡೆದರು.

"ಚೀಲಕ್ಕೆ ಹಾಕ್ಬೇಡ. ಎಡಗೈಲಿ ಹಿಡ್ಕೋ. ನಾನು ಬರೋತನಕ."

"ಅತ್ತೆ, ನಾನು..."

"ನಂಬು ಅಂತ ಯಾರು ಹೇಳಿದ್ರೇ? ಹಿಡ್ಕೊಂಡ್ರೆ ಸಾಕು."

ಒಳಗೆ ಅವರನ್ನು ಬೋರಲು ಮಲಗಿಸಿದರು. ಹಾಸಿನಲ್ಲಿ ಎರಡು ಗುಂಡಿಯಿರುತ್ತವೆ, ಎದೆ ಅದರೊಳಗೆ ಇಳಿಯಬೇಕು. ಕೈ ತಲೆಯ ಮುಂದಕ್ಕೆ ಚಾಚಿರಬೇಕು, ಅಲುಗಾಡಬಾರದು. ಬಾಗಿಲು ಮುಚ್ಚಿತು. ಆಮೇಲೆ ಬಂದದ್ದು ಸದ್ದು. ಹಣ್ಣಿನ ಸಿಪ್ಪೆ ಸುಲಿಯುವ ಕಾಫಿ ಪಲ್ಪರ್‌ಗೆ ಕಲ್ಲು ಸಿಕ್ಕಿಕೊಂಡಂತೆ, ಆಮೇಲೆ ತಗಡಿನ ಮೇಲೆ ಯಾರೋ ಬಿಡದೆ ಬಡಿದಂತೆ. ನಾನು ಬೆಂಚಿನ ಮೇಲೆ ಎಡ ಅಂಗೈ ಮೇಲ್ಮುಖವಾಗಿ ಹಿಡಿದು ಕೂತೆ. ನಮ್ಮವರು ಪೂಜೆಗೆ ಕೂರುವುದು ಹಾಗೆಯೇ. ಅದು ಗೊತ್ತಿದ್ದರೂ ಕೈ ಇಳಿಸಲಿಲ್ಲ. ಪ್ರಾರ್ಥನೆ ಬರಲಿಲ್ಲ. ಬಂದದ್ದು ಒಂದೇ ಲೆಕ್ಕಾಚಾರ: ಬೆಳ್ಳಿ ಬೀರು ಸೇರಿ ಒಂದೂವರೆ ವರ್ಷ. ಈ ಒಂದೂವರೆ ವರ್ಷ ಬೆಳ್ಳಿ ಅವರನ್ನು ಮುಟ್ಟಿಲ್ಲ. ಹುಣ್ಣು ನಿಂತಿಲ್ಲ. ನನ್ನ ವಾದವನ್ನು ಕೆಡವುವುದಕ್ಕೆ ಇಷ್ಟು ಸಾಕಿತ್ತು. ಯಾವ ಮಿಷನ್ನೂ ಬೇಕಿರಲಿಲ್ಲ. ಅದನ್ನು ಯಾವತ್ತೋ ನೋಡಬಹುದಿತ್ತು. ನೋಡಿರಲಿಲ್ಲ, ಯಾಕೆಂದರೆ ಗೆದ್ದವರು ಹಿಂತಿರುಗಿ ನೋಡುವುದಿಲ್ಲ.

ಮುಕ್ಕಾಲು ಗಂಟೆ ಆಗಿರಬೇಕು. ಹೊರಗೆ ಬಂದಾಗ ಅವರ ಕೆನ್ನೆಯ ಮೇಲೆ ದಿಂಬಿನ ಗೆರೆ ಬಿದ್ದಿತ್ತು. ನನ್ನ ಅಂಗೈ ನೋಡಿದರು. ತೋಳು ಚಾಚಿದರು. ಮತ್ತೆ ಕಟ್ಟಿದೆ.

ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಸರ್ಜನ್ ಪೆನ್ನಿನ ತುದಿಯಿಂದ ತೋರಿಸಿದರು. ಬಲಗಡೆ ಶಾಂತವಾಗಿತ್ತು. ಎಡಗಡೆ, ತೊಟ್ಟಿನ ಹಿಂದಿನಿಂದ ಆಳಕ್ಕೆ, ಬೇರು ಬಿಟ್ಟಂತೆ ಬೆಳ್ಳನೆಯ ಗೆರೆಗಳು. ಅವು ಹೋಗಿ ಸೇರುವಲ್ಲಿ ಒಂದು ಬೆಳ್ಳನೆಯ ಮುದ್ದೆ. ಕಂಕುಳಲ್ಲೂ ಒಂದೆರಡು. ಕೈಗೆ ಸಿಗದೆ, ಎಕ್ಸ್‌ರೇಗೆ ಕಾಣದೆ ಇಷ್ಟೂ ಅಲ್ಲಿತ್ತು. ಅಲ್ಲಿಂದಲೂ ಚೂರು ತೆಗೆದು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ.

ಫಿಲ್ಮ್ ನೋಡುತ್ತಾ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಡಾಕ್ಟ್ರೆ, ಇದು ಮೇಲಿಂದ ಒಳಗೆ ಹೋಗಿದ್ದಾ, ಒಳಗಿಂದ ಮೇಲೆ ಬಂದಿದ್ದಾ?"

"ಒಳಗಿಂದ ಬಂದದ್ದಮ್ಮ."

ಅತ್ತೆ ನನ್ನ ಕಡೆ ತಿರುಗಲಿಲ್ಲ. ತಿರುಗಬಾರದೆಂದೇ ಫಿಲ್ಮನ್ನು ಅಷ್ಟು ಹೊತ್ತು ನೋಡುತ್ತಿದ್ದರೆಂದು ಕಾಣುತ್ತದೆ.

ಅವರು ಹೊರಗೆ ಹೋದ ಮೇಲೆ ನಾನು ಸರ್ಜನ್‌ರನ್ನು ಕೇಳಿದೆ: "ಒಂದೂವರೆ ವರ್ಷ ಮುಂಚೆ ಬಂದಿದ್ರೆ?"

ಅವರು ಫಿಲ್ಮನ್ನು ಕವರಿಗೆ ಹಾಕುತ್ತಾ ಹೇಳಿದರು: "ಆವಾಗಿನ ಫಿಲ್ಮ್ ನನ್ನ ಹತ್ರ ಇಲ್ಲ."

ಎಡ ಮೊಲೆ ಪೂರ್ತಿ ತೆಗೆದರು. ಕೀಮೋ ಕೊಟ್ಟರು. ಕೂದಲು ಹೋಯಿತು, ಮತ್ತೆ ಚಿಗುರಿತು. ಅಷ್ಟರಲ್ಲಿ ಬೆನ್ನುಮೂಳೆಯಲ್ಲಿ ನೋವು ಶುರುವಾಯಿತು. ಅದೇನೆಂದು ಹೇಳಲು ಈ ಸಲ ಯಾರೂ ವಾದ ಮಾಡಬೇಕಾಗಲಿಲ್ಲ. ವಸ್ತಾರೆಯ ಅಕ್ಕ ಬಂದು ಮಂಚದ ಪಕ್ಕ ಕೂತು, ಲಿಂಗ ಬಿಚ್ಚಬಾರದಿತ್ತು, ಮಿಷನ್ನಿಗೆ ಹೋಗಬಾರದಿತ್ತು ಎಂದು ಅತ್ತಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಆ ಮಿಷನ್ನಿಗಿಂತ ಎಷ್ಟೋ ಮುಂಚೆ, ಇದೇ ಕೋಣೆಯಲ್ಲಿ, ಕರಡಿಗೆಯಿಂದ ಲಿಂಗ ತೆಗೆಸಿದವಳು ನಾನು ಎಂದು ಹೇಳಬಹುದಿತ್ತು. ಮಿಷನ್ನು ಕಾಯಿಲೆ ತರಲಿಲ್ಲ, ಒಳಗಿದ್ದುದನ್ನು ತೋರಿಸಿದ್ದು ಅದೊಂದೇ ಎಂದೂ ಹೇಳಬಹುದಿತ್ತು. ಹೇಳಲಿಲ್ಲ. ಅವರ ಮೂಢನಂಬಿಕೆ ನನ್ನನ್ನು ಮುಚ್ಚಿ ಕಾಪಾಡುತ್ತಿತ್ತು. ಅತ್ತೆಯ ಸುಳ್ಳಿನ ಹಾಗೆಯೇ.

ಕೊನೆಯ ತಿಂಗಳು ಅವರನ್ನು ಅಂಗಡಿಗೆ ತಾಗಿದ ಕೋಣೆಯಲ್ಲಿ ಮಲಗಿಸಿದ್ದೆವು. ತಕ್ಕಡಿಯ ಸದ್ದು ಕೇಳಬೇಕು ಎಂದಿದ್ದರು. ಮಾವ ಗಿರಾಕಿಗೆ ಮೈಲುತುತ್ತ ತೂಗುತ್ತಿದ್ದ ಒಂದು ಮಧ್ಯಾಹ್ನ ನಾನು ಬೀರಿನಲ್ಲಿ ಏನೋ ಹುಡುಕುವಾಗ ಆ ಬೆಳ್ಳಿ ಕರಡಿಗೆ ಕೈಗೆ ಬಂತು. ಕಪ್ಪಾಗಿತ್ತು. ಅದರ ಕೆಳಗಿದ್ದ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಬಹುಮಾನದ ಪತ್ರಗಳನ್ನೆಲ್ಲ ಅತ್ತೆ ಒಂದೂ ಬಿಡದೆ ಜೋಡಿಸಿಟ್ಟಿದ್ದರು. ಮೇಲೆಯೇ ಇದ್ದದ್ದು ಕುದುರೆಮುಖದ್ದು. ಅದರ ತಾರೀಕು ನೋಡಿದೆ. ಕರಡಿಗೆ ಈ ಬೀರು ಸೇರಿದ್ದು ಅದರ ಹಿಂದಿನ ದಿನ.

ಅಲ್ಲಿಯವರೆಗೆ ನಾನು ಹೊತ್ತುಕೊಂಡಿದ್ದು, ನನ್ನ ಮಾತನ್ನು ಅತ್ತೆ ನಂಬಿದರು ಎನ್ನುವ ಭಾರವನ್ನು. ಈಗ ಅದಕ್ಕಿಂತ ಭಾರದ್ದೊಂದು ಎದುರಿಗೆ ಬಂದು ನಿಂತಿತು.

ಮಂಚದ ಹತ್ತಿರ ಕೂತೆ. ಅವರು ಎಚ್ಚರವಾಗಿದ್ದರು. ಬಲಗೈ ಎಡ ರಟ್ಟೆಯ ಬಟ್ಟೆಗಂಟಿನ ಮೇಲಿತ್ತು. ಕಣ್ಣು ನನ್ನ ಕೈಯ ಕರಡಿಗೆಯ ಮೇಲೆ ನಿಂತಿತು, ಆಮೇಲೆ ಪತ್ರದ ಮೇಲೆ, ಆಮೇಲೆ ಅಂಗಡಿಯ ಬಾಗಿಲಿನ ಕಡೆ ಹೋಯಿತು. ತಕ್ಕಡಿಯ ತಟ್ಟೆ ಕಲ್ಲಿಗೆ ತಾಗಿದ ಸದ್ದು ಬಂತು. ಆಗಲೂ, ಉಳಿದ ದಿನಗಳಲ್ಲೂ, ನನ್ನ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ನೀವು ಒಪ್ಪಿದ್ದಾ, ಇಲ್ಲ ಮಾರನೇ ದಿನ ನಂಗೆ ಸ್ಪರ್ಧೆ ಇದೆ ಅಂತ ಸೋತಿದ್ದಾ?"